ದೊಡ್ಡ ಮದರ್‌ಬೋರ್ಡ್ ಯಾರಿಗೆ ಬೇಕು?

ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಮದರ್‌ಬೋರ್ಡ್ ಹುಡುಕುವಾಗ, ದೊಡ್ಡದಾದರೆ ಒಳ್ಳೆಯದೇ ಇರಬೇಕು ಎಂದುಕೊಳ್ಳುವುದು ಸಹಜ. ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಳತೆಯನ್ನು ತಂದಾಗ ಸೌಂಡ್ ಕಾರ್ಡ್, ಮೋಡೆಮ್, ನೆಟ್‌ವರ್ಕ್ ಕಾರ್ಡ್‌ಗಳನ್ನೆಲ್ಲ ಬೇರೆಬೇರೆಯಾಗಿ ಕೊಂಡು ಸಿಕ್ಕಿಸಬೇಕಿತ್ತು. 305 ಮಿ.ಮೀ. ಉದ್ದ, 244 ಮಿ.ಮೀ. ಅಗಲದ ಆ ಬೋರ್ಡಿನಲ್ಲಿ ಏಳು ಸ್ಲಾಟುಗಳವರೆಗೆ ಇದ್ದ ಜಾಗಕ್ಕೆ ಆಗ ಕೆಲಸವಿತ್ತು. ಈಗ ಧ್ವನಿಯೂ ಲ್ಯಾನೂ, ಎಷ್ಟೋ ಮಾದರಿಗಳಲ್ಲಿ ವೈಫೈಯೂ, ಬೋರ್ಡಿನಲ್ಲೇ ಅಡಕವಾಗಿವೆ. ಎರಡು ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಗೇಮ್ ಆಡುವ ರೂಢಿಯೂ ಮುಗಿಯಿತು. ಎನ್‌ವಿಡಿಯಾ 2021ರಿಂದ ಎಸ್‌ಎಲ್‌ಐಗೆ ಹೊಸ ಡ್ರೈವರ್ ಪ್ರೊಫೈಲ್ ಸೇರಿಸುವುದನ್ನೇ ನಿಲ್ಲಿಸಿತು. ಆದ್ದರಿಂದ ಮನೆಬಳಕೆಯ ಕಂಪ್ಯೂಟರಿಗೆ 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಸಾಕು. ಅದಕ್ಕಿಂತ ದೊಡ್ಡದು ಬೇಕಾದರೆ ಅದಕ್ಕೊಂದು ಕಾರಣವಿರಬೇಕು.

ದೊಡ್ಡ ಬೋರ್ಡಿನ ಪರವಾಗಿ ಮೊದಲು ಕೇಳಿಬರುವ ಮಾತು ವೇಗದ್ದು. ಆದರೆ ವೇಗ ಬರುವುದು ಪ್ರೊಸೆಸರ್ ಮತ್ತು ಚಿಪ್‌ಸೆಟ್‌ನಿಂದ. ಎಎಮ್‌ಡಿಯ ಬಿ650 ಚಿಪ್‌ಸೆಟ್ ಚಿಕ್ಕ ಬೋರ್ಡಿನಲ್ಲೂ ದೊಡ್ಡದರಲ್ಲೂ ಒಂದೇ. ಸ್ಲಾಟು ಹೆಚ್ಚಿದ ಮಾತ್ರಕ್ಕೆ ಅವುಗಳಿಗೆ ಬೇಕಾದ ಪಿಸಿಐಇ ಲೇನ್‌ಗಳು ಹೆಚ್ಚುವುದಿಲ್ಲ. ನಾಲ್ಕು ರ್‍ಯಾಮ್ ಸ್ಲಾಟುಗಳ ಆಕರ್ಷಣೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಅನೇಕ ಮೈಕ್ರೋ ಎಟಿಎಕ್ಸ್ ಬೋರ್ಡುಗಳಲ್ಲಿ ನಾಲ್ಕೂ ಸಿಗುತ್ತವೆ. ಅದೂ ಅಲ್ಲದೆ, ರೈಜನ್ 7000 ಸರಣಿಗೆ ಎಎಮ್‌ಡಿ ಅಧಿಕೃತವಾಗಿ ಹೇಳುವ ರ್‍ಯಾಮ್ ವೇಗ ಎರಡು ಸ್ಟಿಕ್ ಹಾಕಿದರೆ ಡಿಡಿಆರ್5-5200, ನಾಲ್ಕೂ ತುಂಬಿಸಿದರೆ 3600ಕ್ಕೆ ಇಳಿಯುತ್ತದೆ. ನಾಳೆ ಇನ್ನೆರಡು ಸ್ಟಿಕ್ ಹಾಕಿಕೊಂಡರಾಯಿತು ಎನ್ನುವುದಕ್ಕಿಂತ ಬೇಕಾದಷ್ಟನ್ನು ಎರಡೇ ಸ್ಟಿಕ್‌ನಲ್ಲಿ ಇಂದೇ ಕೊಳ್ಳುವುದು ಮೇಲು.

ವಿದ್ಯುತ್ ಪೂರೈಕೆಯ ಆಕ್ಷೇಪಕ್ಕೆ ಮಾತ್ರ ಹೆಚ್ಚು ತೂಕವಿದೆ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ವಿಆರ್‌ಎಮ್ ಭಾಗಕ್ಕೆ ಹೀಟ್‌ಸಿಂಕೇ ಇಲ್ಲದ ಬೋರ್ಡುಗಳು ಅಗ್ಗದ ಮೈಕ್ರೋ ಎಟಿಎಕ್ಸ್‌ಗಳಲ್ಲೇ ಹೆಚ್ಚು. ಹೆಚ್ಚು ಕೋರ್‌ಗಳ ಪ್ರೊಸೆಸರ್ ಗಂಟೆಗಟ್ಟಲೆ ದುಡಿದರೆ ಆ ಭಾಗ ಕಾದು, ಪ್ರೊಸೆಸರಿನ ವೇಗವೂ ಕುಗ್ಗುತ್ತದೆ. ಆದರೆ ಇದು ತಯಾರಕರು ಖರ್ಚು ಉಳಿಸಿದ್ದರ ಫಲ, ಅಳತೆಯ ದೋಷವಲ್ಲ. ಒಳ್ಳೆಯ ವಿಆರ್‌ಎಮ್ ಇರುವ ಚಿಕ್ಕ ಬೋರ್ಡುಗಳೂ ಇವೆ; ಕೊಳ್ಳುವವರು ಅಳತೆಯ ಬದಲು ಹೀಟ್‌ಸಿಂಕ್ ನೋಡಬೇಕು. ಮೂರು ಸ್ಲಾಟಿನಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮೈಕ್ರೋ ಎಟಿಎಕ್ಸ್‌ನಲ್ಲಿ ಹೆಚ್ಚೆಂದರೆ ಒಂದು ಸ್ಲಾಟು ಉಳಿಯುತ್ತದೆ ಎಂಬುದೂ ನಿಜ. ಅದರ ಜೊತೆಗೆ ಕ್ಯಾಪ್ಚರ್ ಕಾರ್ಡನ್ನೂ ವೇಗದ ನೆಟ್‌ವರ್ಕ್ ಕಾರ್ಡನ್ನೂ ಸಿಕ್ಕಿಸುವ ವಿಡಿಯೊ ಕೆಲಸದವರು ಎಟಿಎಕ್ಸ್ ಕೊಳ್ಳಲಿ; ಆ ಜಾಗ ಅವರಿಗೆ ನಿಜಕ್ಕೂ ಬೇಕು.

ಇನ್ನು 2001ರಲ್ಲಿ ವಿಯಾ ಕಂಪನಿ ತಂದ 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್. ನೋಡಲು ಮುದ್ದಾದರೂ ಒಂದೇ ಸ್ಲಾಟು. ಸಾಮಾನ್ಯವಾಗಿ ಬೆಲೆಯೂ ಹೆಚ್ಚು, ಪುಟ್ಟ ಕ್ಯಾಬಿನೆಟ್ಟಿಗೆ ಹೊಂದುವ ಎಸ್‌ಎಮ್‌ಪಿಎಸ್ ಕೂಡ ದುಬಾರಿ. ಮೇಜಿನ ಮೇಲೆ ಜಾಗವೇ ಇಲ್ಲದವರಿಗೆ ಅಥವಾ ಕಂಪ್ಯೂಟರನ್ನು ಊರಿಂದೂರಿಗೆ ಒಯ್ಯುವವರಿಗೆ ಮಾತ್ರ ಅದು ಸರಿ. ಉಳಿದವರು ದೊಡ್ಡ ಕ್ಯಾಬಿನೆಟ್ ಕೊಂಡಿದ್ದರೂ ಮೈಕ್ರೋ ಎಟಿಎಕ್ಸ್ ಬೋರ್ಡನ್ನೇ ಅದರಲ್ಲಿ ಕೂರಿಸಬಹುದು, ಸ್ಕ್ರೂ ರಂಧ್ರಗಳು ಹೊಂದುತ್ತವೆ. ಉಳಿದ ಹಣವನ್ನು ಒಳ್ಳೆಯ ಎಸ್‌ಎಮ್‌ಪಿಎಸ್‌ಗೆ ಹಾಕಿ.