ಗುಡಿ ಕಾಯುತ್ತದೆ, ಬುಟ್ಟಿ ಕಾಯುವುದಿಲ್ಲ

ಬಾದಾಮಿಗೆ ಬರುವ ಪ್ರವಾಸಿ ಬಸ್ಸುಗಳ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಮೇಣಬಸದಿಯ ಗುಹೆಗಳು, ಆಮೇಲೆ ಪಟ್ಟದಕಲ್ಲು, ಬಿಸಿಲೇರಿದ ಮೇಲೆ ಐಹೊಳೆ, ಹಸಿವು ಸತ್ತ ಹೊತ್ತಿಗೆ ರಸ್ತೆ ಬದಿಯ ಯಾವುದೋ ಹೋಟೆಲಿನಲ್ಲಿ ಪನೀರು, ನಾನ್. ಸಂಜೆ ಬನಶಂಕರಿಯ ದರ್ಶನ ಮುಗಿಸಿ ವಾಪಸ್. ಇಷ್ಟೆಲ್ಲ ನೋಡಿದವರಿಗೆ ಆ ನೆಲದ ಒಂದು ರೊಟ್ಟಿ ಮಾತ್ರ ಸಿಕ್ಕಿರುವುದಿಲ್ಲ. ಅವರು ಬನಶಂಕರಿ ತಲುಪುವಷ್ಟರಲ್ಲಿ ರೊಟ್ಟಿ ಬುಟ್ಟಿಗಳು ಖಾಲಿಯಾಗಿ, ಮಾರುವ ತಾಯಂದಿರು ಸಿಂಬಿ ಸುತ್ತಿಕೊಂಡು ಮನೆ ದಾರಿ ಹಿಡಿದಿರುತ್ತಾರೆ.

ಬೀದಿ ಊಟಕ್ಕೆ ಮೆನು ಕಾರ್ಡ್ ಇರುವುದಿಲ್ಲ, ಹೊತ್ತು ಇರುತ್ತದೆ. ಬ್ಯಾಂಕಾಕ್ ಸುತ್ತಿ ಬಂದವರಿಗೆ ಇದು ಗೊತ್ತು. ಅಲ್ಲಿ ‘ಜೋಕ್’ ಎಂಬ ಅಕ್ಕಿ ಗಂಜಿ, ಜೊತೆಗೆ ಎಣ್ಣೆಯಲ್ಲಿ ಕರಿದ ‘ಪಾಥೊಂಗ್ಕೋ’ ಬೆಳಗಿನ ತಿನಿಸು. ಚೀನೀಯರ ಪೇಟೆಯಾದ ಯಾವರಾತ್ ರಸ್ತೆಯ ಒಲೆಗಳು ಉರಿಯುವುದು ದೀಪ ಹತ್ತಿದ ಮೇಲೆ. ನಡು ಮಧ್ಯಾಹ್ನ ಅಲ್ಲಿಗೆ ಹೋದವನು ಬಂಗಾರದ ಅಂಗಡಿ ನೋಡಿಕೊಂಡು ಬರಬೇಕಷ್ಟೆ. ಥಾಯ್ಲೆಂಡಿನಲ್ಲಿ ಗಡಿಯಾರ ನೋಡಿ ತಿನ್ನುವ ನಮ್ಮ ಜನವೇ ಬಾಗಲಕೋಟೆ ಜಿಲ್ಲೆಗೆ ಬಂದಾಗ ಹೊತ್ತುಗೊತ್ತು ಮರೆಯುತ್ತಾರೆ. ಅದಕ್ಕೇ ಈ ವಾರ ಈ ಸೀಮೆಯ ತಿನಿಸುಗಳ ಪಂಚಾಂಗ.

ಮೊದಲು ಮಧ್ಯಾಹ್ನದ್ದು. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿ. ಎದುರಿಗೆ ಮಂಟಪಗಳ ಸಾಲು ಕಟ್ಟಿದ ದೊಡ್ಡ ಹೊಂಡ, ಹರಿದ್ರಾತೀರ್ಥ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ನೆರಳು ನೋಡಿ ಕೂಡುತ್ತಾರೆ. ತಲೆಯ ಮೇಲೆ ಸೆರಗು, ಮುಂದೆ ಬಟ್ಟೆ ಮುಚ್ಚಿದ ಬುಟ್ಟಿ, ಪಕ್ಕದಲ್ಲಿ ಮೊಸರಿನ ಗಡಿಗೆಗಳು. ‘ಬರ್ರೀ ಯಪ್ಪಾ, ಉಂಡ್ ಹೋಗ್ರಿ. ರೊಕ್ಕ ಆಮ್ಯಾಲ ಕೊಡೂವಂತ್ರಿ’ ಎಂಬ ಕರೆಗೆ ಓಗೊಟ್ಟು ಕಲ್ಲಿನ ಮೇಲೋ ಕಟ್ಟೆಯ ಮೇಲೋ ಕೂತರೆ ಊಟ ಶುರು. ‘ಯವ್ವಾ, ಎರಡು ರೊಟ್ಟಿ ಕೊಡವಾ’ ಎಂದರೆ ಸಾಕು. ಉಳಿದದ್ದನ್ನು ಅವಳೇ ನಿರ್ಧರಿಸುತ್ತಾಳೆ.

ಕೈಗೆ ಬರುವುದು ರೊಟ್ಟಿ. ಅದೇ ತಟ್ಟೆ, ಅದೇ ಊಟ. ಮೇಲೆ ಒಂದು ಕಡೆ ಝುಣಕ, ಇನ್ನೊಂದು ಕಡೆ ಕಾಳುಪಲ್ಯ ಅಥವಾ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಗುರಿನಷ್ಟು ಕೆಂಪು ಖಾರ. ಹಣ್ಣಾದ ಮೆಣಸಿನಕಾಯಿಯನ್ನು ಉಪ್ಪು, ಲಿಂಬೆಹುಳಿ ಹಾಕಿ ಅರೆದಿಟ್ಟ ಈ ಖಾರ ದಿನ ಕಳೆದಷ್ಟೂ ಹುಳಿ ಹಿಡಿದು ಹದವಾಗುತ್ತದೆ. ಗುದ್ದಿದ ಉಳ್ಳಾಗಡ್ಡಿ ಕೇಳದೆಯೇ ಸಿಗುತ್ತದೆ. ಇಲ್ಲಿ ಉಣ್ಣುವವನಿಗೂ ಒಂದಿಷ್ಟು ಕೆಲಸವಿದೆ. ಹಿಂಡಿಯ ನಡುವೆ ಬೆರಳಿನಿಂದ ಕುಣಿ ಮಾಡಿ ಎಣ್ಣೆ ಹಾಕಿಸಿಕೊಳ್ಳಬೇಕು. ಝುಣಕದ ತುತ್ತಿಗೆ ಉಳ್ಳಾಗಡ್ಡಿ ಕಚ್ಚಬೇಕು. ಕೆಂಪು ಖಾರವನ್ನು ಬರಿದಾಗಿ ಮುಟ್ಟದೆ ಮೊಸರಿನ ಜೊತೆಗೇ ಬಾಯಿಗಿಡಬೇಕು. ಎಲ್ಲವನ್ನೂ ಒಟ್ಟಿಗೆ ಕಲಸಿ ತಿಂದವನು ಒಂದೇ ರುಚಿ ಉಂಡು ಏಳುತ್ತಾನೆ, ತುತ್ತಿಗೊಂದು ಜೋಡಿ ಮಾಡಿ ತಿಂದವನಿಗೆ ಎರಡು ರೊಟ್ಟಿಯಲ್ಲಿ ಹತ್ತು ಊಟ.

ಮೊಸರಿನ ಗಡಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮುಷ್ಟಿಯೊಳಗೆ ಕೂಡುವಷ್ಟು ಪುಟ್ಟದು. ಸುಟ್ಟ ಮಣ್ಣಿನ ಗೋಡೆ ಮೊಸರಿನ ನೀರನ್ನು ಹೀರಿ ಹೊರಗೆ ಬಿಡುತ್ತದೆ. ಆ ತೇವ ಆರುತ್ತಿದ್ದಂತೆ ಗಡಿಗೆ ತಣ್ಣಗಾಗುತ್ತದೆ. ಹೀಗಾಗಿ ಒಳಗಿನ ಮೊಸರು ಗಟ್ಟಿಯಾಗಿ, ಬಿಸಿಲಲ್ಲೂ ಬೇಗ ಹುಳಿಯೊಡೆಯದೆ ನಿಲ್ಲುತ್ತದೆ. ಒಳ್ಳೆಯ ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಜಾರುವುದಿಲ್ಲ. ಮಾರುವವರು ಹಾಗೆ ಮಾಡಿ ತೋರಿಸುವುದೂ ಉಂಟು. ಮೇಲೆ ಕೆನೆ ದಪ್ಪಗೆ ಕಟ್ಟಿ, ಹೊಗೆಯ ವಾಸನೆ ತೆಳುವಾಗಿ ಹತ್ತಿದ್ದರೆ ಹಾಲನ್ನು ಒಲೆಯ ಮೇಲೆ ನಿಧಾನ ಕಾಯಿಸಿದ್ದಾರೆ ಎಂದು ತಿಳಿಯಿರಿ. ಎರಡನೆಯ ಗಡಿಗೆಗೂ ಹೇಳಿಬಿಡಿ.

ಈ ರೊಟ್ಟಿ ಮಧ್ಯಾಹ್ನದ್ದೇ ಏಕೆ? ಬಡಿಯುವ ಕೆಲಸ ಬೆಳಕು ಹರಿಯುವ ಮೊದಲೇ ಮುಗಿಯಬೇಕು. ಜೋಳಕ್ಕೆ ಗೋಧಿಯ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿದಾಗಲೇ ಹಿಟ್ಟಿಗೆ ಜಿಗಿ ಬರುವುದು. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಬೆಂಕಿಗೆ ಹಿಡಿದು ಉಬ್ಬಿಸಿದ ರೊಟ್ಟಿ ಹೊತ್ತೇರುವತನಕ ಮೆತ್ತಗಿದ್ದು ಆಮೇಲೆ ಬಿರುಸಾಗುತ್ತದೆ. ಅಷ್ಟರೊಳಗೆ ಮಾರಿಬಿಡಬೇಕು. ಒಣಗಿಸಿದ ಕಟಕ ರೊಟ್ಟಿಯ ಲೆಕ್ಕ ಬೇರೆ, ಅದು ತಿಂಗಳುಗಟ್ಟಲೆ ಬಾಳುತ್ತದೆ. ಕೊಂಡು ಚೀಲದಲ್ಲಿ ಇಟ್ಟುಕೊಂಡರೆ ಮುಂದಿನ ಊರಲ್ಲಿ ಊಟ ಕೈಕೊಟ್ಟರೂ ಚಿಂತೆಯಿಲ್ಲ.

ಸಂಜೆ ನಾಲ್ಕು ಹೊಡೆದರೆ ರೊಟ್ಟಿಯ ರಾಜ್ಯ ಮುಗಿದು ಮಿರ್ಚಿಯ ರಾಜ್ಯ. ಬಾಗಲಕೋಟೆಯ ಹಳೆ ಊರಿರಲಿ, ನವನಗರವಿರಲಿ, ಹುನಗುಂದ, ಇಳಕಲ್‌ನ ಬಸ್ ಸ್ಟ್ಯಾಂಡ್ ಇರಲಿ, ಕಡಲೆಹಿಟ್ಟು ಎಣ್ಣೆಗೆ ಬಿದ್ದ ಸದ್ದು ಕೇಳಿದತ್ತ ಕಾಲು ತಾನೇ ತಿರುಗುತ್ತದೆ. ಗಾಡಿ ಆರಿಸುವುದಕ್ಕೆ ನನ್ನದೊಂದು ಸರಳ ಪರೀಕ್ಷೆಯಿದೆ. ಕರಿದು ಗುಡ್ಡೆ ಹಾಕಿದ ಮಿರ್ಚಿ ಕಂಡರೆ ಮುಂದಕ್ಕೆ ಹೋಗಿ. ಬಾಣಲೆಯ ಸುತ್ತ ಜನ ನಿಂತು ಕಾಯುತ್ತಿದ್ದರೆ ನೀವೂ ನಿಲ್ಲಿ. ಒಳ್ಳೆಯ ಮಿರ್ಚಿಯಲ್ಲಿ ಕಾಯಿ ಉದ್ದ, ಬಣ್ಣ ತಿಳಿ ಹಸಿರು. ಹೊಟ್ಟೆ ಸೀಳಿ ಜೀರಿಗೆ, ಉಪ್ಪು ಸವರಿರುತ್ತಾರೆ. ಮೇಲಿನ ಹಿಟ್ಟು ಗರಿಯಾಗಿ ಒಳಗಿನ ಕಾಯಿ ಬೆಂದಿರಬೇಕು. ಹಸಿಯಾಗಿ ಕಟಕ್ಕೆಂದರೆ ಎಣ್ಣೆ ವಿಪರೀತ ಕಾದಿತ್ತು, ಆತ ಅವಸರ ಮಾಡಿದ ಎಂದರ್ಥ.

ಮಿರ್ಚಿಗೆ ಜೊತೆ ಗಿರ್ಮಿಟ್. ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಬೇಯಿಸಿದ ಮಸಾಲೆಯನ್ನು ಚುರಮುರಿಗೆ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ ಕೊಡುತ್ತಾರೆ. ಕಟಕ ರೊಟ್ಟಿಯ ಆಯುಷ್ಯ ತಿಂಗಳಾದರೆ ಗಿರ್ಮಿಟ್‌ನದು ನಿಮಿಷ. ಮಸಾಲೆ ತಾಗಿದ ಗಳಿಗೆಯಿಂದ ಚುರಮುರಿ ಮೆತ್ತಗಾಗುತ್ತ ಹೋಗುತ್ತದೆ. ಫೋಟೊ ತೆಗೆದು, ಕಳಿಸಿ, ಉತ್ತರ ಓದಿ ತಿನ್ನುತ್ತೇನೆ ಅಂದವನಿಗೆ ಉಳಿಯುವುದು ಮುದ್ದೆ. ಕಟ್ಟಿಸಿಕೊಂಡು ಲಾಡ್ಜಿಗೆ ಒಯ್ಯುವವರನ್ನು ಗಾಡಿಯವರೇ ತಡೆಯಬೇಕೆಂದು ನನ್ನ ಒತ್ತಾಯ.

ಇಳಕಲ್‌ನಲ್ಲಿ ಮಿರ್ಚಿ ತಿನ್ನುವಾಗ ನನಗೊಂದು ಅಳುಕು ಇದ್ದೇ ಇರುತ್ತದೆ. ಅಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಊರೂರು ತಿರುಗಿದವರು. ಅದಕ್ಕೆ ಕುಡಿತ ಹಾಕಿ ಬದುಕು ಕಟ್ಟಿಕೊಂಡವರು ಬಹಳ. ಮಿರ್ಚಿಯ ಚಟವನ್ನು ಆ ಜೋಳಿಗೆಗೆ ಹಾಕುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ಇಷ್ಟೊಂದು ಖಾರ ತಿನ್ನುವ ಸೀಮೆಗೆ ಮೆಣಸಿನಕಾಯಿ ಹೊಸ ನೆಂಟ. ಒಂದನೆಯ ಪುಲಕೇಶಿ ಬಾದಾಮಿಯ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ್ದು 543ರಲ್ಲಿ. ಮೂರನೆಯ ಮೇಣಬಸದಿಯ ಶಾಸನ 578ರದ್ದು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅಂದರೆ ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದ ಇಮ್ಮಡಿ ಪುಲಕೇಶಿಗೆ ಮಿರ್ಚಿಯ ರುಚಿ ಗೊತ್ತಿರಲಿಲ್ಲ! ಶೇಂಗಾ ಕೂಡ ಅದೇ ಖಂಡದಿಂದ ಬಂದದ್ದು. ಚಾಲುಕ್ಯರ ಕಾಲದ ಊಟದಿಂದ ಕೆಂಪು ಖಾರ, ಶೇಂಗಾ ಹಿಂಡಿ ಎರಡನ್ನೂ ತೆಗೆದಿಟ್ಟು ನೋಡಿ. ಪಾಪ ಅನಿಸುತ್ತದೆ.

ಥಾಯ್ಲೆಂಡಿನ ಕಥೆಯೂ ಇದೇ. ಬೀದಿ ಬದಿಯ ಒರಳಿನಲ್ಲಿ ಹಸಿ ಪಪ್ಪಾಯಿಯ ಎಳೆ, ಮೆಣಸಿನಕಾಯಿ, ಟೊಮೆಟೊ, ಶೇಂಗಾ ಹಾಕಿ ಕುಟ್ಟುವ ‘ಸೋಮ್ ತಾಮ್’ ಆ ದೇಶದ ಗುರುತೇ ಆಗಿಹೋಗಿದೆ. ಆ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ಅಲ್ಲಿನವರು ಅವಕ್ಕೆ ಮೀನಿನ ಸಾಸು, ಲಿಂಬೆ, ತಾಳೆಬೆಲ್ಲ ಸೇರಿಸಿ ತಮ್ಮದಾಗಿಸಿಕೊಂಡರು. ನಾವು ಜೋಳ, ಗುರೆಳ್ಳು, ಮೊಸರಿನ ಪಕ್ಕ ಕೂಡಿಸಿ ನಮ್ಮದಾಗಿಸಿಕೊಂಡೆವು. ನೂಡಲ್ ಅಂಗಡಿಯ ಮೇಜಿನ ಮೇಲೆ ಸಕ್ಕರೆ, ಮೆಣಸಿನಪುಡಿ, ಖಾರದ ವಿನೆಗರ್, ಮೀನಿನ ಸಾಸುಗಳ ನಾಲ್ಕು ಬಟ್ಟಲು ಇಟ್ಟು ‘ಹದ ನೀನೇ ಮಾಡಿಕೋ’ ಎನ್ನುವ ಅವರ ರೀತಿಗೂ ಬನಶಂಕರಿಯ ರೊಟ್ಟಿಯ ಮೇಲಿನ ಹಿಂಡಿ, ಖಾರ, ಮೊಸರಿಗೂ ದೂರವೇನಿಲ್ಲ.

ಇನ್ನು ದಿನದ ಹೊತ್ತನ್ನು ದಾಟಿದ ತಿನಿಸು, ಅಮೀನಗಡದ ಕರದಂಟು. ಹುನಗುಂದದ ಕಡೆ ಹೋಗುವ ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದುಬಿಡಿ. ಅಂಟನ್ನು ತುಪ್ಪದಲ್ಲಿ ಕರಿದಾಗ ಅದು ಅರಳಿ ಹಗುರಾಗುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ ಸೇರಿಸಿ ಬೆಲ್ಲದ ಪಾಕದಲ್ಲಿ ಹಿಡಿಯುತ್ತಾರೆ. ಬಾಣಂತಿಯರಿಗೂ ಗರಡಿಯ ಪೈಲ್ವಾನರಿಗೂ ಒಂದೇ ಮದ್ದು. ಕೊಳ್ಳುವ ಮುಂಚೆ ಒಂದು ತುಂಡು ಬಾಯಿಗೆ ಹಾಕಿ. ಅಂಟು ಹಲ್ಲಿಗೆ ಹತ್ತದೆ ಪುಡಿಯಾಗಬೇಕು, ಬೆಲ್ಲದ ಸಿಹಿ ಕೊಬ್ಬರಿಯನ್ನು ಮುಚ್ಚಬಾರದು. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ. ವಾರಗಟ್ಟಲೆ ಕೆಡುವುದಿಲ್ಲ, ಒಂದು ತುಂಡಿಗೆ ಅರ್ಧ ದಿನದ ಹಸಿವು ಅಡಗುತ್ತದೆ.

ದಿನದ ಹಾಗೆ ವರ್ಷಕ್ಕೂ ಒಂದು ಹೊತ್ತಿದೆ. ನನ್ನ ಮಟ್ಟಿಗೆ ಅದು ಎಳ್ಳಮಾವಾಸ್ಯೆಯಿಂದ ಬನದ ಹುಣ್ಣಿಮೆಯತನಕದ ಹದಿನೈದು ದಿನ. ಎರೆಹೊಲದ ಹಿಂಗಾರಿ ಜೋಳ ಆಗ ತೆನೆ ಕಟ್ಟುತ್ತಿರುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗ ಕೂಡಿ ಉಣ್ಣುವ ಬಯಲೂಟ. ಪರಿಚಯದ ರೈತರಿದ್ದರೆ ನಾಚಿಕೆ ಬಿಟ್ಟು ಕರೆಸಿಕೊಳ್ಳಿ. ತೆನೆ ಹಾಲು ತುಂಬಿದಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ತಿನ್ನುವ ಸೀತನಿಗೆ ಇರುವುದು ಕೆಲವೇ ದಿನಗಳ ಗಡುವು. ಕಾಳು ಬಲಿತರೆ ಆ ವರ್ಷದ್ದು ಮುಗಿಯಿತು. ಸಂಕ್ರಾಂತಿಯ ಸುತ್ತ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಕೊನೆಗೆ ಬನಶಂಕರಿ ಜಾತ್ರೆ. ರಥದ ಮುಂಚಿನ ಪಲ್ಯದ ಹಬ್ಬದಲ್ಲಿ, ಶಾಕಂಬರಿಯೂ ಆದ ಬನಶಂಕರಿಗೆ 108 ಬಗೆಯ ಪಲ್ಯದ ನೈವೇದ್ಯ. ಜಾತ್ರೆ ಶುರುವಾದ ಮೇಲೆ ವಾರಗಟ್ಟಲೆ ಟೆಂಟು ಹಾಕಿ ಕೂಡುವ ನಾಟಕ ಕಂಪನಿಗಳು, ನಡುರಾತ್ರಿಯೂ ಆರದ ಮಿರ್ಚಿ ಬಾಣಲೆಗಳು. ಇಡೀ ವರ್ಷದಲ್ಲಿ ಈ ಸೀಮೆಯ ತಿನಿಸು ರಾತ್ರಿಯೆಲ್ಲ ಎದ್ದಿರುವುದು ಆಗ ಮಾತ್ರ.

ಇದಿಷ್ಟೂ ಹೊಗಳಿಕೆಯಾಯಿತು, ತಕರಾರೂ ಇದೆ. ಎಣ್ಣೆ ತಿಂಡಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಬೇಡಿ, ಮಸಿ ಹೊಟ್ಟೆ ಸೇರುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಿಂದ ಹೇಳುತ್ತಿದೆ. ಪತ್ರಿಕೆಯಲ್ಲಿ ಬರೆಯುವವನಾಗಿ ನಾನೂ ಅದನ್ನೇ ಹೇಳುತ್ತೇನೆ. ನನ್ನ ಅಂಕಣ ಓದುವುದಕ್ಕೆ ಸರಿ, ಮಿರ್ಚಿಗೆ ಬೇಡ. ಮಣ್ಣಿನ ಗಡಿಗೆಯ ಜಾಗಕ್ಕೆ ಪ್ಲಾಸ್ಟಿಕ್ ಕಪ್ಪು ಬಂದು ಕೂತಲ್ಲಿ ಮೊಸರು ನೀರಾಗಿದೆ. ಗಡಿಗೆಯದ್ದೇ ಬೇಕೆಂದು ಕೇಳಿ, ಎರಡು ರೂಪಾಯಿ ಹೆಚ್ಚಾದರೂ ಕೊಡಿ.

ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಸಿಂಗಪುರದ ಬೀದಿ ಊಟದ ಸಂಸ್ಕೃತಿಗೆ ಅದೇ ಯುನೆಸ್ಕೊದ ಮನ್ನಣೆ ಸಿಕ್ಕಿದ್ದು 2020ರಲ್ಲಿ. ಬ್ಯಾಂಕಾಕಿನಲ್ಲಿ ಕಣ್ಣಿಗೆ ದೊಡ್ಡ ಗಾಗಲ್ ಹಾಕಿಕೊಂಡು ಇದ್ದಿಲ ಒಲೆಯ ಮೇಲೆ ಏಡಿ ಆಮ್ಲೆಟ್ ಮಾಡುವ ಜೇ ಫಾಯ್ ಅಜ್ಜಿಗೆ 2017ರಲ್ಲೇ ಮಿಶೆಲಿನ್ ನಕ್ಷತ್ರ ಬಂತು. ಆ ವರ್ಷದ ಆಸುಪಾಸಿನಲ್ಲೇ ಆ ನಗರದ ಆಡಳಿತ ಹಲವು ಫುಟ್‌ಪಾತ್‌ಗಳಿಂದ ವ್ಯಾಪಾರಿಗಳನ್ನು ಎಬ್ಬಿಸಿತ್ತು ಎಂಬುದೂ ನೆನಪಿರಲಿ. ನಮ್ಮಲ್ಲಿ ಬೀದಿ ವ್ಯಾಪಾರಿಗಳನ್ನು ಕಾಯಲು 2014ರ ಕಾಯ್ದೆಯಿದೆ. ಬನಶಂಕರಿಯ ತಾಯಂದಿರಿಗೆ ನಕ್ಷತ್ರ ಬೇಕಿಲ್ಲ. ಕೂಡುವುದಕ್ಕೆ ನೆರಳು, ಕುಡಿಯುವ ನೀರು, ಕೈ ತೊಳೆಯಲು ಒಂದು ನಲ್ಲಿ ಸಿಕ್ಕರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಹೋಗುವವರಿಗೆ ನನ್ನ ಸಲಹೆ ಇಷ್ಟೆ: ಊಟವನ್ನು ಗುಡಿಗಳ ನಡುವೆ ತುರುಕಬೇಡಿ, ಗುಡಿಗಳನ್ನು ಊಟದ ಸುತ್ತ ಜೋಡಿಸಿ. ಮುಂಜಾನೆ ತಂಪಿನಲ್ಲಿ ಪಟ್ಟದಕಲ್ಲು ಮುಗಿಸಿ, ಹನ್ನೆರಡರೊಳಗೆ ಬನಶಂಕರಿಯಲ್ಲಿರಿ. ಉಂಡು, ನೆರಳಲ್ಲಿ ಅಡ್ಡಾಗಿ, ಮೇಣಬಸದಿಯನ್ನು ಇಳಿಬಿಸಿಲಿಗೆ ಇಟ್ಟುಕೊಳ್ಳಿ. ಅಲ್ಲಿ ಕೈಯಲ್ಲಿ ತಿಂಡಿ ಹಿಡಿದು ಹೋದರೆ ಅದು ಮಂಗಗಳ ಪಾಲು, ಹಾಗಾಗಿ ಮಿರ್ಚಿ ಇಳಿದು ಬಂದ ಮೇಲೆ. ಐಹೊಳೆ, ಅಮೀನಗಡ, ಇಳಕಲ್ ಮರುದಿನಕ್ಕೆ. ಒಂದೇ ದಿನದಲ್ಲಿ ಎಲ್ಲ ಮುಗಿಸಲೇಬೇಕು ಎನ್ನುವವರು ಒಂದು ಗುಡಿ ಬಿಡಲಿ, ರೊಟ್ಟಿ ಬಿಡುವುದು ಬೇಡ.