ಕಲ್ಯಾಣದ ಪಂಕ್ತಿ, ಹುಮನಾಬಾದಿನ ಬಶಿ

ಊಟದ ಬಗ್ಗೆ ಇಷ್ಟು ಮನಸ್ಸಿಟ್ಟು ಬರೆದ ದೊರೆ ನಮ್ಮ ನಾಡಿನಲ್ಲಿ ಇನ್ನೊಬ್ಬನಿಲ್ಲ. 1126ರಿಂದ 1138ರವರೆಗೆ ಕಲ್ಯಾಣದ ಗದ್ದುಗೆಯಲ್ಲಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರ ರಾಜ್ಯಭಾರದ ನಡುವೆಯೇ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಕೋಟೆಯಿದೆ, ಕುದುರೆಯಿದೆ, ಆನೆಯಿದೆ, ಸಂಗೀತವಿದೆ; ಜೊತೆಗೆ ‘ಅನ್ನಭೋಗ’ ಎಂಬ ಭಾಗವೂ ಇದೆ. ಉದ್ದಿನ ಹಿಟ್ಟಿನ ಇಡ್ಡರಿಕೆಗೆ, ಅಂದರೆ ಅಂದಿನ ಇಡ್ಲಿಗೆ, ಮೆಣಸು, ಜೀರಿಗೆ, ಇಂಗು ಬೀಳಬೇಕು ಎನ್ನುತ್ತಾನೆ. ದೋಸೆ ಬರುತ್ತದೆ, ವಡೆ ಬರುತ್ತದೆ, ಹೋಳಿಗೆಯ ಪೂರ್ವಜ ಬರುತ್ತದೆ, ಹೊಳೆದಂಡೆಯ ಇಲಿಯ ಮಾಂಸವೂ ಬರುತ್ತದೆ. ನೀರಿಗೇ ಒಂದು ಪ್ರಕರಣ: ಯಾವ ಋತುವಿನಲ್ಲಿ ಯಾವ ನೀರು ಕುಡಿಯಬೇಕು ಎಂಬಲ್ಲಿಯವರೆಗೆ ಅವನ ನಾಲಿಗೆ ಸೂಕ್ಷ್ಮ.

ಇಟಲಿಯ ಬೊಲೊನ್ಯಾ ನಗರಕ್ಕೆ ಲೋಕದ ಜನ ಊಟಕ್ಕೆಂದೇ ಹೋಗುತ್ತಾರೆ. ಆದರೆ ಸೋಮೇಶ್ವರನ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಹೋಗುವವರು ಕೋಟೆ ನೋಡುತ್ತಾರೆ, ಅನುಭವ ಮಂಟಪ ನೋಡುತ್ತಾರೆ, 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಹಸಿದ ಹೊಟ್ಟೆಯಲ್ಲಿ ಬಂದು ಹಸಿದೇ ಮರಳುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಊರನ್ನೂ ಪಕ್ಕದ ಹುಮನಾಬಾದನ್ನೂ ಉಂಡು ನೋಡಬೇಕು.

ಸೋಮೇಶ್ವರ ಆ ಗ್ರಂಥ ಬರೆದ ಮೂರ್ನಾಲ್ಕು ದಶಕಗಳಲ್ಲೇ ಇದೇ ಕಲ್ಯಾಣದಲ್ಲಿ ಇನ್ನೊಂದು ಅಡುಗೆಮನೆ ಹೊಗೆಯಾಡುತ್ತಿತ್ತು. ಶರಣ ಆಯ್ದಕ್ಕಿ ಮಾರಯ್ಯ ದಿನಾ ಬೆಳಗ್ಗೆ ಹೊರಟು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ; ಹೆಂಡತಿ ಲಕ್ಕಮ್ಮ ಅದನ್ನೇ ಬೇಯಿಸುತ್ತಿದ್ದಳು; ಜಂಗಮರಿಗೆ ಬಡಿಸಿ ತಾವೂ ಉಣ್ಣುತ್ತಿದ್ದರು. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಭೋಗದ ಊಟಕ್ಕೂ ದಾಸೋಹದ ಊಟಕ್ಕೂ ಮಾದರಿ ಹಾಕಿದ್ದು ಒಂದೇ ಊರು. ಇಂದಿನ ಕಲ್ಯಾಣದಲ್ಲಿ ತಾಟಿನ ಮುಂದೆ ಕೂತಾಗ ನನಗೆ ಅರಮನೆಗಿಂತ ಲಕ್ಕಮ್ಮನ ಒಲೆಯೇ ಹತ್ತಿರ ಎನಿಸುತ್ತದೆ. ಇಲ್ಲಿ ಉತ್ತಮವಾದದ್ದೆಲ್ಲ ಜೋಳ, ತೊಗರಿ, ಪುಂಡಿ, ಮಜ್ಜಿಗೆಯಂಥ ಬಡ ಸಾಮಗ್ರಿಯಿಂದಲೇ ಆಗುತ್ತದೆ, ಮತ್ತು ಪಂಕ್ತಿಯಲ್ಲಿ ಕೂತಾಗಲೇ ರುಚಿಸುತ್ತದೆ.

ಮೊದಲು ರೊಟ್ಟಿ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾದ ಬಳಿ ಇಳಿದರೆ ಕಲ್ಯಾಣಕ್ಕೆ ತಿರುಗುವ ದಾರಿ. ಊರೊಳಗಿನ ಖಾನಾವಳಿ ಹುಡುಕಲು ಬೋರ್ಡು ಬೇಡ, ರೊಟ್ಟಿ ಬಡಿಯುವ ಸಪ್ಪಳ ಸಾಕು. ಬಾಗಿಲ ಪಕ್ಕದಲ್ಲೇ ಒಲೆಯಿರುವ ಖಾನಾವಳಿಯನ್ನು ಆರಿಸಿಕೊಳ್ಳಿ, ಒಲೆ ಕಾಣುವಂತೆ ಕೂಡಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ. ಕುದಿಯುವ ಎಸರು ಬಿದ್ದಾಗ ಮಾತ್ರ ಅದು ಹಿಡಿತಕ್ಕೆ ಬರುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಂಥ ನುರಿತ ಕೈಯಲ್ಲೂ ಅಂಚು ಬಿರಿಯುತ್ತದೆ. ಒಲೆಯ ಮುಂದಿನ ಅಕ್ಕ ಅಂಗೈಯ ಬುಡದಿಂದ ಹಿಟ್ಟನ್ನು ನಾದಿ ನಾದಿ ಮೆದು ಮಾಡಿ, ಒಂದು ಉಂಡೆ ಮುರಿದು, ಎಡಗೈಯಿಂದ ತಿರುಗಿಸುತ್ತ ಬಲಗೈಯಿಂದ ತಟ್ಟುತ್ತಾಳೆ. ರೊಟ್ಟಿ ಅಗಲವಾದಂತೆ ತಟ್ಟುವ ಸದ್ದು ತೆಳುವಾಗುತ್ತ ಹೋಗುತ್ತದೆ. ಹಂಚಿಗೆ ಬಿದ್ದ ರೊಟ್ಟಿಯ ಮೈಮೇಲೆ ಒದ್ದೆ ಬಟ್ಟೆ ಆಡಿಸುತ್ತಾಳೆ, ನೀರು ಆರುವಷ್ಟರಲ್ಲಿ ಮಗುಚುತ್ತಾಳೆ, ಕಡೆಗೆ ಬೆಂಕಿಗೆ ಒಡ್ಡುತ್ತಾಳೆ. ಒಳಗಿನ ಉಗಿಗೆ ರೊಟ್ಟಿ ಉಬ್ಬಿ ಎರಡು ಪದರ ಬೇರೆಯಾಗುತ್ತವೆ. ಆ ಉಗಿಯಲ್ಲಿ ಹಿಂಗಾರಿಯ ಬಿಳಿ ಜೋಳದ ಸಿಹಿ ವಾಸನೆ ಇರುತ್ತದೆ. ರೊಟ್ಟಿ ಆರಿತೆಂದರೆ ಅದು ಹೋಯಿತು. ಅದಕ್ಕೇ ಬಿಸಿ ರೊಟ್ಟಿಯನ್ನು ಒಂದೊಂದಾಗಿ ಹಾಕಿಸಿಕೊಳ್ಳಬೇಕು, ಒಟ್ಟಿಗೆ ತರಿಸಿ ಅಡಕಿ ಇಟ್ಟುಕೊಳ್ಳಬಾರದು.

ಜೊತೆಗೆ ಪುಂಡಿಪಲ್ಯ. ತೊಗರಿಬೇಳೆಯೊಡನೆ ಬೆಂದು ಕರಗಿದ ಪುಂಡಿಯ ಹುಳಿ, ಮೇಲೆ ಕಂದುಗಟ್ಟಿದ ಬೆಳ್ಳುಳ್ಳಿಯ ಒಗ್ಗರಣೆ. ತಾಟಿನ ಅಂಚಿಗೆ ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಎಳೆ ಮೆಂತ್ಯಸೊಪ್ಪು, ಮೊಸರು. ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದವು. ಸೋಮೇಶ್ವರನ ಅಡುಗೆಯವರು ಅವನ್ನು ಕಂಡೇ ಇರಲಿಲ್ಲ, ಅವರ ಖಾರವೆಂದರೆ ಕಾಳುಮೆಣಸು. ಅಷ್ಟು ವೈಭವದ ಪಂಕ್ತಿಯಲ್ಲಿ ಕೂತ ದೊರೆಗೂ ಶೇಂಗಾ ಹಿಂಡಿಗೆ ಮೊಸರು ಕಲಸಿ ಬಿಸಿ ರೊಟ್ಟಿಯಲ್ಲಿ ಒತ್ತಿಕೊಂಡು ತಿನ್ನುವ ಸುಖ ಸಿಗಲಿಲ್ಲ. ಅರ್ಧ ರೊಟ್ಟಿ ಉಳಿದಿರುವಾಗಲೇ ಅಕ್ಕ ಒಲೆಯ ಮುಂದಿನಿಂದ ಕೂಗುತ್ತಾಳೆ: “ಬಿಸಿ ಅದ, ಇನ್ನೊಂದ್ ಹಾಕ್ಲೇನ್ರಿ ಅಣ್ಣಾ?” ಬೇಡ ಎನ್ನುವ ಶಕ್ತಿ ನನಗೆ ಯಾವತ್ತೂ ಬಂದಿಲ್ಲ.

ಕಲ್ಯಾಣಕ್ಕೆ ಇನ್ನೊಂದು ಪಂಕ್ತಿಯಿದೆ, ಅದರ ಕೀರ್ತಿ ಇಂದು ಹೈದರಾಬಾದಿನಲ್ಲಿದೆ. ನಿಜಾಮರ ಕಾಲದಲ್ಲಿ ಈ ಜಹಗೀರು ಕಲ್ಯಾಣಿ ನವಾಬರದ್ದು. ಹೈದರಾಬಾದಿನ ಮುರ್ಗಿ ಚೌಕದಲ್ಲಿ ಅವರ ದೇವಡಿ, ಅಂದರೆ ಮಹಲು, ಇತ್ತು. ಬೀದರ ಸೀಮೆಯಿಂದ ಕೆಲಸ ಕಾರ್ಯಕ್ಕೆ, ದೂರು ದುಮ್ಮಾನಕ್ಕೆ ಬಂದವರಿಗೆಲ್ಲ ಅಲ್ಲಿ ಬಿರಿಯಾನಿ ಬಡಿಸುತ್ತಿದ್ದರಂತೆ. 1948ರ ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ದೇವಡಿಯ ಅಡುಗೆಯವನೊಬ್ಬ ಹತ್ತಿರದಲ್ಲೇ ಅಂಗಡಿ ತೆರೆದನಂತೆ. ಎಮ್ಮೆ ಮಾಂಸದ ಸಣ್ಣ ಸಣ್ಣ ತುಂಡು, ಜೀರಿಗೆ, ಕೊತ್ತಂಬರಿ, ಧಾರಾಳವಾಗಿ ಟೊಮ್ಯಾಟೊ: ಇದು ಕಲ್ಯಾಣಿ ಬಿರಿಯಾನಿ. ಕೇಸರಿಯ ಘಮವಿಲ್ಲ, ತುಪ್ಪದ ಹೊಳಪಿಲ್ಲ, ದರವೂ ಕಡಿಮೆ. ‘ಬಡವರ ಬಿರಿಯಾನಿ’ ಎಂದೇ ಹೆಸರು. ಇಟಲಿಯ ಪಾಸ್ತಾಕ್ಕೆ ಕೆಂಪು ಕೊಟ್ಟ ಅದೇ ಹಣ್ಣು ಇಲ್ಲಿ ಅನ್ನಕ್ಕೆ ಹುಳಿ ಕೊಟ್ಟಿದೆ. ಬಂದವರಿಗೆಲ್ಲ ಬಡಿಸುವುದಕ್ಕೆಂದು ಹುಟ್ಟಿದ ಅಡುಗೆ ಇದು. ಕಲ್ಯಾಣದ ಹೆಸರು ಹೊತ್ತದ್ದಕ್ಕೆ ತಕ್ಕ ಗುಣ. ಖಿಚಡಿ ಮತ್ತು ಹುಣಸೆಯ ಖಟ್ಟಾ ಕೂಡ ಇದೇ ಕಡೆಯ ಮುಸ್ಲಿಂ ಮನೆಗಳ ಬೆಳಗಿನ ಊಟ. ಕರೆದರೆ ತಪ್ಪಿಸಿಕೊಳ್ಳಬಾರದು.

ಇನ್ನು ಹುಮನಾಬಾದ್. ಸೊಲ್ಲಾಪುರದ ಲಾರಿ, ಹೈದರಾಬಾದಿನ ಬಸ್ಸು, ಕಲಬುರಗಿಯ ಜನ, ಬೀದರಿನ ಜನ ಎಲ್ಲರೂ ಹಾಯುವ ಊರು. 2017ರಲ್ಲಿ ಬೀದರ್–ಕಲಬುರಗಿ ರೈಲೂ ಬಂತು. ಹಾದುಹೋಗುವವರ ಊರಿನಲ್ಲಿ ನಿಂತು ಕುಡಿಯುವ ಚಹಾ ಚೆನ್ನಾಗಿರಲೇಬೇಕು. ಇಲ್ಲಿನ ಚಹಾ ಕಾಯಿಸಿದ್ದಲ್ಲ, ಕುದಿಸಿದ್ದು. ಹಾಲು ಗಟ್ಟಿಯಾಗಿ, ಸಕ್ಕರೆ ಕೈಬಿಟ್ಟು, ಮೇಲೆ ತೆಳ್ಳಗೆ ಕೆನೆ ಕಟ್ಟಿರುತ್ತದೆ. ಬೆಳಗಿನ ಬಸ್ಸಿಗೆ ಕಾಯುವ ಹಿರಿಯರು ಬಶಿಗೆ ಸುರಿದುಕೊಂಡು, ಅಂಚಿಗೆ ತುಟಿ ಹಚ್ಚಿ ಸೊರ್ರೆಂದು ಎಳೆಯುತ್ತಾರೆ. ನಾಚಿಕೊಳ್ಳದೆ ಹಾಗೇ ಕುಡಿಯಿರಿ, ಬಶಿಯಲ್ಲಿ ಚಹಾದ ರುಚಿ ಬೇರೆ. ಹೈದರಾಬಾದಿನ ರೂಢಿಯಂತೆ ಉಸ್ಮಾನಿಯಾ ಬಿಸ್ಕತ್ತು ಸಿಕ್ಕರೆ ಅದ್ದಿಕೊಳ್ಳಿ. ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ, ಚಹಾಕ್ಕೆಂದೇ ಹುಟ್ಟಿದ್ದು. ಹಸಿವಿದ್ದರೆ ಸುಸಲಾ ಮತ್ತು ಮಿರ್ಚಿ ಭಜಿ. ನೆನೆಸಿ ಹಿಂಡಿದ ಚುರಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು. ಚುರಮುರಿಯನ್ನು ನೀರಿನಿಂದ ತಕ್ಷಣ ತೆಗೆಯಬೇಕು, ಇಲ್ಲದಿದ್ದರೆ ಅಂಬಲಿಯಾಗುತ್ತದೆ. ಸುಸಲಾ ಮಾಡುವವನ ಕೈಗುಣವೆಲ್ಲ ಆ ಒಂದು ಕ್ಷಣದಲ್ಲಿದೆ.

ಊರಿಗೆ ತಾಗಿಕೊಂಡೇ ಮಾಣಿಕನಗರ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು ಇಲ್ಲಿ ನೆಲೆಸಿ 1865ರಲ್ಲಿ ಸಮಾಧಿಯಾದರು. ಎಲ್ಲ ಮತಗಳನ್ನೂ ಒಪ್ಪಿಕೊಂಡ ಸಕಲಮತ ಸಂಪ್ರದಾಯ ಅವರದು. ಅವರ ಹೆಸರಿನ ಸಂಸ್ಥಾನದ ಅಡುಗೆಮನೆಗೆ ಭಂಡಾರಖಾನೆ ಎನ್ನುತ್ತಾರೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವವರೆಲ್ಲ ಬಂದು ಒಂದೇ ಸಾಲಿನಲ್ಲಿ ಪ್ರಸಾದಕ್ಕೆ ಕೂಡುತ್ತಾರೆ. ಇಲ್ಲಿ ಅನ್ನ, ಸಾರು, ಸಿಹಿಯನ್ನು ಬಿಡಿಬಿಡಿಯಾಗಿ ಹೊಗಳಲು ಮನಸ್ಸು ಬರುವುದಿಲ್ಲ. ಪಕ್ಕದಲ್ಲಿ ಕೂತ ಅಪರಿಚಿತ ಉಂಡು ಏಳುವವರೆಗೂ ನಾವು ಏಳದೆ ಕೂಡುವ ಆ ಸಾಲಿನ ಶಿಸ್ತೇ ಊಟದ ಅರ್ಧ ರುಚಿ.

ಆ ಹುಣ್ಣಿಮೆಯಿಂದ ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. ನನ್ನನ್ನು ಕೇಳಿದರೆ ಈ ಸೀಮೆಯ ಅತ್ಯುತ್ತಮ ಊಟ ಯಾವ ಹೋಟೆಲಿನಲ್ಲೂ ಇಲ್ಲ, ಆ ದಿನ ಹೊಲದಲ್ಲಿದೆ. ಪೇಟೆ ಬಿಕೋ ಎನ್ನುತ್ತದೆ. ಎತ್ತಿನ ಗಾಡಿ, ಟ್ರಾಕ್ಟರು, ಬೈಕು ಎಲ್ಲವೂ ಹೊಲದ ಹಾದಿ ಹಿಡಿಯುತ್ತವೆ. ಬೆಳೆದು ನಿಂತ ಜೋಳದ ನಡುವೆ ದಂಟಿನ ಕೊಂಪೆ ಹಾಕಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಎಲ್ಲರೂ ನೆಲಕ್ಕೆ ಕೂಡುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ದಾರಿಹೋಕನನ್ನೂ ಬಿಡುವುದಿಲ್ಲ: “ಬರ್ರಿ, ಭಜ್ಜಿ ಉಂಡು ಹೋಗ್ರಿ.”

ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಚಳಿಗಾಲದ ಹೊಲವೇ ಒಂದು ಪಾತ್ರೆಗೆ ಇಳಿದದ್ದು. ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ, ಹಸಿ ಕಡಲೆ, ಬದನೆಕಾಯಿ, ಗಜ್ಜರಿ, ಮೆಂತ್ಯ, ಪಾಲಕ್, ಉಳ್ಳಾಗಡ್ಡಿ ಸೊಪ್ಪು, ಹುಣಸೆ ಹುಳಿ, ಗಟ್ಟಿ ಬರಲೆಂದು ಒಂದಿಷ್ಟು ಕಡಲೆಹಿಟ್ಟು, ಬೆಳ್ಳುಳ್ಳಿ, ಹಸಿಖಾರ. ಹಿಂದಿನ ರಾತ್ರಿಯಿಂದಲೇ ಮನೆಯ ಹೆಂಗಸರೆಲ್ಲ ಕಾಳು ಸುಲಿಯುತ್ತ ಕೂತಿರುತ್ತಾರೆ. ಸರಿಯಾಗಿ ಬೆಂದ ಭಜ್ಜಿಯಲ್ಲಿ ಕಾಳು ಇಡಿಯಾಗಿರುತ್ತದೆ, ಸೊಪ್ಪು ಕರಗಿರುತ್ತದೆ. ಹಸಿ ಕಡಲೆ ಹಲ್ಲಿಗೆ ಸಿಕ್ಕಾಗ ಸಣ್ಣಗೆ ಸಿಹಿ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಜೊತೆಗಿರುತ್ತವೆ.

ಕುಡಿಯಲು ಅಂಬಲಿ. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಹುಳಿ ಬರಿಸಿ, ತೆಳ್ಳಗೆ ಕಾಯಿಸಿ, ಜೀರಿಗೆ ಬೆಳ್ಳುಳ್ಳಿ ಹಾಕಿ ಮಣ್ಣಿನ ಗಡಿಗೆಯಲ್ಲಿ ತಣ್ಣಗಾಗಲು ಬಿಟ್ಟದ್ದು. ಅದನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ತರುತ್ತಾರೆ. ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವ ಉಂಡದ್ದು ಅಂಬಲಿಯೇ ಎಂದು ಶರಣರು ಹೆಮ್ಮೆಯಿಂದ ಹೇಳಿಕೊಂಡರು. ಭಜ್ಜಿಯ ಖಾರದ ಮೇಲೆ ಒಂದು ಬಟ್ಟಲು ತಣ್ಣನೆಯ ಅಂಬಲಿ ಇಳಿದಾಗ ಆ ಹೆಮ್ಮೆ ಗಂಟಲಿಗೇ ಗೊತ್ತಾಗುತ್ತದೆ.

ಇವೆಲ್ಲ ಒಟ್ಟಿಗೆ ಬೇಕೆಂದರೆ ಚಳಿಗಾಲದಲ್ಲೇ ಬನ್ನಿ. ದತ್ತ ಜಯಂತಿಗೆ ಮಾಣಿಕನಗರ, ಅಮಾವಾಸ್ಯೆಗೆ ಯಾರದಾದರೂ ಹೊಲ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ನಡುವೆ ಹಾಲುಗಾಳಿನ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿಯೂ ಸಿಗುತ್ತದೆ. ಅಮಾವಾಸ್ಯೆಯ ಮಾರನೆಯ ದಿನ ಊರು ಬಿಡುವ ಅವಸರ ಮಾಡಬೇಡಿ. ಉಳಿದ ಭಜ್ಜಿಯನ್ನು ಸಣ್ಣ ಉರಿಯಲ್ಲಿ ಬತ್ತಿಸಿ ಕಡಕ್ ರೊಟ್ಟಿಗೆ ಹಚ್ಚಿಕೊಡುತ್ತಾರೆ; ಹಿಂದಿನ ದಿನದ್ದಕ್ಕಿಂತ ಅದೇ ಹೆಚ್ಚು ರುಚಿ ಎನ್ನುವವರ ಪಕ್ಷದವನು ನಾನು.