ಗುರ್ಬತ್ತಿನ ಇನ್ನೊಂದು ಅರ್ಥ

ನಾನು ಏಳನೇ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಒಮ್ಮೆ ನಮ್ಮ ಮಾಸ್ತರರು ‘ಗುರ್ಬತ್’ ಎಂಬ ಪದದ ಅರ್ಥ ಕೇಳಿದರು. ಇಡೀ ತರಗತಿ ಒಂದೇ ದನಿಯಲ್ಲಿ ‘ಬಡತನ’ ಎಂದಿತು. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದ ಪದ, ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ. ಮಾಸ್ತರರು ನಕ್ಕು, ಅದು ಆಮೇಲೆ ಬಂದು ಸೇರಿಕೊಂಡ ಅರ್ಥ. ಮೊದಲಿನ ಅರ್ಥ ಊರು ಬಿಟ್ಟು ಬಂದವನ ಸ್ಥಿತಿ, ಪರದೇಶಿತನ ಎಂದರು. ಅರಬ್ಬಿಯಲ್ಲಿ ಇಂದಿಗೂ ‘ಗರೀಬ್’ ಎಂದರೆ ಹೊರಗಿನವನು, ಅಪರಿಚಿತ. ಬಡವನಿಗೆ ಅವರಲ್ಲಿ ‘ಫಕೀರ್’ ಎನ್ನುತ್ತಾರೆ. ನಮ್ಮೂರಲ್ಲಿ ಫಕೀರ ಎಂದರೆ ಗುರುವಾರ ಸಂಜೆ ಲೋಬಾನದ ಹೊಗೆ ಹಿಡಿದು ಅಂಗಡಿ ಅಂಗಡಿಗೆ ಬರುವವನು. ಪದಗಳು ಕೂಡ ವಲಸೆ ಹೋದಲ್ಲಿ ಬೇರೆ ಕೆಲಸಕ್ಕೆ ಸೇರಿಕೊಳ್ಳುತ್ತವೆ.

ಹೊಟ್ಟೆಪಾಡಿಗಾಗಿ ಕೊಲ್ಲಿ ದೇಶಗಳಿಗೆ ಹೋದವರನ್ನು ಕುರಿತ ಕೆಲವು ಕೃತಿಗಳನ್ನು ಈಚೆಗೆ ಮತ್ತೆ ಓದುತ್ತಿದ್ದಾಗ ಮಾಸ್ತರರ ಪಾಠ ನೆನಪಾಯಿತು. ನಮ್ಮ ಬರಹಗಾರರಿಗೆ ಗುರ್ಬತ್ತಿನ ಒಂದು ಅರ್ಥ ಚೆನ್ನಾಗಿ ಗೊತ್ತು. ಬಡತನವನ್ನು ನಾವು ಬರೆಯಬಲ್ಲೆವು. ಊರಿನಿಂದ ಹೊರಡುವುದನ್ನು, ಸಾಲವನ್ನು, ಏಜೆಂಟನ ಮೋಸವನ್ನು, ಬಾಗಿಲಲ್ಲಿ ಅಳುವ ತಾಯಿಯನ್ನು ಬರೆಯಬಲ್ಲೆವು. ಮರುಭೂಮಿಯಲ್ಲಿ ಸಾಯುವುದನ್ನೂ, ಸೂಟ್‌ಕೇಸು ಅತ್ತರಿನೊಂದಿಗೆ ಹಿಂದಿರುಗುವುದನ್ನೂ ಬರೆಯಬಲ್ಲೆವು. ಆದರೆ ವಿಮಾನದಿಂದ ಇಳಿದವನು ಆ ಊರಿನಲ್ಲಿ ಒಬ್ಬ ಮನುಷ್ಯನಾಗಿ ನೆಲೆ ನಿಲ್ಲುವ ಮೊದಲ ಆರು ತಿಂಗಳು ನಮ್ಮ ಸಾಹಿತ್ಯದಲ್ಲಿ ಹೆಚ್ಚೂಕಡಿಮೆ ಖಾಲಿ ಬಿದ್ದಿದೆ.

ಬೇರೆಯವರ ಹೆಸರು ಹೇಳಿ ನೋಯಿಸುವುದಕ್ಕಿಂತ ನನ್ನದೇ ಒಂದು ಕಥೆಯನ್ನು ತೆಗೆದುಕೊಳ್ಳುತ್ತೇನೆ. ನನ್ನ ಅಣ್ಣ 1993ರಲ್ಲಿ ರಿಯಾದಿಗೆ ಹೋದ. ಅವನ ವಿಸಾದಲ್ಲಿ ದರ್ಜಿ ಎಂದಿತ್ತು, ಸಿಕ್ಕಿದ ಕೆಲಸ ತರಕಾರಿ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊರುವುದು. ತಿಂಗಳಿಗೊಮ್ಮೆ ಉರ್ದುವಿನಲ್ಲಿ ಕಾಗದ ಬರುತ್ತಿತ್ತು. ಅಮ್ಮನಿಗೆ ಓದಿ ಹೇಳುತ್ತಿದ್ದವನು ನಾನು. ‘ಯಹಾಂ ಸಬ್ ಖೈರಿಯತ್ ಹೈ’ ಎಂದು ಶುರುವಾಗಿ, ಎಲ್ಲರಿಗೂ ಸಲಾಮು ತಿಳಿಸಿ ಮುಗಿಯುತ್ತಿತ್ತು. ನಡುವೆ ಏನೂ ಇರುತ್ತಿರಲಿಲ್ಲ. ಅವನು ಊರಿಗೆ ಬಂದು ನೆಲೆಸಿದ ಮೇಲೆ ನಾನೊಂದು ಕಥೆ ಬರೆದೆ. ಅದರಲ್ಲಿ ಮೋಸ ಹೋದ ಯುವಕ, ಬಿಸಿಲು, ಕ್ರೂರಿ ಮಾಲೀಕ, ಕೊನೆಯಲ್ಲಿ ಶವಪೆಟ್ಟಿಗೆ ಎಲ್ಲವೂ ಇದ್ದವು. ಒಂದೆರಡು ಕಡೆ ಮೆಚ್ಚುಗೆಯೂ ಬಂತು. ಅಣ್ಣ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದದ್ದೆಲ್ಲ ಸರಿಯಾಗಿದೆಯೋ. ಆದರೆ ಬಾಲ್ದಿ ಎಲ್ಲಿ?” ಎಂದ.

ಅರ್ಥವಾಗದೆ ಕೇಳಿದಾಗ ಅವನು ಹೇಳಿದ್ದು ಇಷ್ಟು. ಅವನಿದ್ದ ಕೋಣೆಯಲ್ಲಿ ಎಂಟು ಜನ, ಬಚ್ಚಲು ಒಂದು. ಬೆಳಗಿನ ಜಾವ ಬಚ್ಚಲ ಮುಂದೆ ಬಾಲ್ದಿಗಳು ಸಾಲಾಗಿ ಕೂತಿರುತ್ತಿದ್ದವು. ಮನುಷ್ಯ ಸಾಲಿನಲ್ಲಿ ನಿಲ್ಲಬೇಕಿಲ್ಲ, ಬಾಲ್ದಿ ನಿಂತರೆ ಸಾಕು. ಬಾಲ್ದಿ ಇಲ್ಲದವನಿಗೆ ಸರದಿ ಇಲ್ಲ. ಮೊದಲ ಸಂಬಳ ಬರುವವರೆಗೆ ಅಣ್ಣ ಎಲ್ಲರೂ ಹೋದ ಮೇಲೆ ಯಾರದೋ ಬಾಲ್ದಿ ಕೇಳಿ ಪಡೆದು ಮುಖ ತೊಳೆಯುತ್ತಿದ್ದ. ಹಾಗಾಗಿ ದಿನವೂ ಕೆಲಸಕ್ಕೆ ತಡವಾಗುತ್ತಿತ್ತು, ಬೈಗುಳ ತಿನ್ನುತ್ತಿದ್ದ. ಸಂಬಳ ಬಂದ ದಿನ ನೀಲಿ ಪ್ಲಾಸ್ಟಿಕ್ಕಿನ ಬಾಲ್ದಿ ಕೊಂಡು, ಅದರ ಮೇಲೆ ಉರ್ದುವಿನಲ್ಲಿ ಹೆಸರು ಬರೆದ. ಆ ವಾರವೇ ಅವನಿಗೆ ಅಡಿಗೆಯ ಪಾಳಿಯನ್ನೂ ಕೊಟ್ಟರು. ಅಲ್ಲಿಯವರೆಗೆ ಅವನು ಆ ಕೋಣೆಯ ಅತಿಥಿ, ಅಂದರೆ ಹೊರೆ.

ನನ್ನ ಕಥೆಯಲ್ಲಿ ಅನ್ಯಾಯವಿತ್ತು, ಆದರೆ ಆ ಮನುಷ್ಯ ಇರಲಿಲ್ಲ ಎಂದು ಅಂದು ತಿಳಿಯಿತು. ಈ ನಾಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ದೊಡ್ಡವರ ಕೃತಿಗಳನ್ನು ನೋಡುತ್ತೇನೆ.

ಪ್ಯಾಲೆಸ್ತೀನಿನ ಘಸ್ಸಾನ್ ಕನಫಾನಿಯವರ ‘ಮೆನ್ ಇನ್ ದ ಸನ್’ ಎಂಬ ಕಿರುಕಾದಂಬರಿ ಅರಬ್ಬಿಯಲ್ಲಿ 1963ರಲ್ಲಿ ಬಂತು. ಕೆಲಸ ಹುಡುಕಿಕೊಂಡು ಕುವೈತಿಗೆ ಹೊರಟ ಮೂವರು ನಿರಾಶ್ರಿತರು ಬಸ್ರಾದಿಂದ ಕಳ್ಳದಾರಿಯಲ್ಲಿ ನೀರಿನ ಟ್ಯಾಂಕರಿನೊಳಗೆ ಅಡಗಿ ಗಡಿ ದಾಟಲು ಹೋಗುತ್ತಾರೆ. ಗಡಿಠಾಣೆಯ ಅಧಿಕಾರಿ ಬಸ್ರಾದ ನರ್ತಕಿಯೊಬ್ಬಳ ವಿಷಯ ತೆಗೆದು ಚಾಲಕನನ್ನು ಗೇಲಿ ಮಾಡುತ್ತಾ ತಡೆಯುವಷ್ಟರಲ್ಲಿ ಕಾದ ಟ್ಯಾಂಕಿನೊಳಗೆ ಮೂವರೂ ಸಾಯುತ್ತಾರೆ. ಅವರೇಕೆ ಟ್ಯಾಂಕಿನ ಗೋಡೆ ಬಡಿಯಲಿಲ್ಲ ಎಂದು ಕೊನೆಯಲ್ಲಿ ಚಾಲಕ ಕೂಗಿಕೊಳ್ಳುತ್ತಾನೆ. ಈ ಪ್ರಶ್ನೆಯ ಮೇಲೆ ಬಹಳ ಚರ್ಚೆ ನಡೆದಿದೆ. 1972ರಲ್ಲಿ ತೌಫೀಕ್ ಸಾಲಿಹ್ ಇದನ್ನು ಸಿನಿಮಾ ಮಾಡಿದಾಗ ಒಳಗಿನವರು ಗೋಡೆ ಬಡಿಯುತ್ತಾರೆ, ಹೊರಗೆ ಕೇಳಿಸುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕಠೋರ ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು. ಮೂವರಲ್ಲಿ ಕಿರಿಯನಾದ ಮರ್ವಾನ್ ಹೊರಟದ್ದೇಕೆ? ಕುವೈತಿನಲ್ಲಿದ್ದ ಅವನ ಅಣ್ಣ ಮದುವೆಯಾಗಿ ಮನೆಗೆ ಹಣ ಕಳಿಸುವುದನ್ನು ನಿಲ್ಲಿಸಿದ. ಅಂದರೆ ಆ ಅಣ್ಣ ಅಲ್ಲಿ ನೆಲೆ ನಿಂತವನು. ಕಾದಂಬರಿಯಲ್ಲಿ ಅವನು ಕೇವಲ ನಿಂತುಹೋದ ಹಣ. ಅವನು ಅಲ್ಲಿ ಹೇಗಿದ್ದ, ಊರಿನ ಸಂಸಾರವೋ ಇಲ್ಲಿನ ಸಂಸಾರವೋ ಎಂದು ಯಾವ ರಾತ್ರಿ ತೀರ್ಮಾನಿಸಿದ ಎಂಬುದು ನಮಗೆ ತಿಳಿಯುವುದಿಲ್ಲ. ಕುವೈತ್ ಪಟ್ಟಣವಂತೂ ಈ ಕೃತಿಯಲ್ಲಿ ಒಳಗಿನಿಂದ ಕಾಣುವುದೇ ಇಲ್ಲ. ಕಾಣುವುದು ಊರ ಹೊರಗಿನ ಕಸದ ರಾಶಿ, ಹೆಣಗಳನ್ನು ಚಾಲಕ ಬಿಟ್ಟುಹೋಗುವ ಜಾಗ. ಕನಫಾನಿ ಸ್ವತಃ ಕೆಲವು ವರ್ಷ ಕುವೈತಿನಲ್ಲಿ ಮೇಷ್ಟರಾಗಿದ್ದವರು, ಆ ಪಟ್ಟಣ ಅವರಿಗೆ ಗೊತ್ತಿತ್ತು. ಅವರ ಉದ್ದೇಶ ಬೇರೆ, ಅದರಲ್ಲಿ ಅವರು ಗೆದ್ದಿದ್ದಾರೆ. ಆದರೆ ಅವರ ನಂತರ ಬರೆದ ನಾವೆಲ್ಲ ಆ ಟ್ಯಾಂಕರಿನಿಂದ ಹೊರಗೇ ಬರಲಿಲ್ಲ.

ಮಲಯಾಳದ ಬೆನ್ಯಾಮಿನ್ ಅವರ ‘ಆಡುಜೀವಿತಂ’ (2008) ಈಗ ಕರಾವಳಿಯ ಮನೆಮನೆಗೂ ಗೊತ್ತು. 2024ರಲ್ಲಿ ಬ್ಲೆಸ್ಸಿಯವರ ಸಿನಿಮಾ ಬಂದ ಮೇಲೆ ಓದದವರಿಗೂ ಗೊತ್ತು. ನದಿಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದ ನಜೀಬ್ ರಿಯಾದಿಗೆ ಬಂದಿಳಿದು, ತನ್ನದಲ್ಲದ ಒಡೆಯನ ಕೈಗೆ ಸಿಕ್ಕಿ, ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಮೂರು ವರ್ಷಕ್ಕೂ ಮೇಲೆ ಜೀತ ಮಾಡುತ್ತಾನೆ. ನೀರಿನಲ್ಲೇ ಬದುಕಿದವನು ಶೌಚಕ್ಕೆ ನೀರು ಮುಟ್ಟಿದ್ದಕ್ಕೆ ಹೊಡೆತ ತಿನ್ನುವ ಪ್ರಸಂಗ ಓದಿದವರು ಮರೆಯಲಾರರು. ಈ ಕಾದಂಬರಿಯನ್ನು ಸಾಮಾನ್ಯವಾಗಿ ನರಕದ ಕಥೆ, ಸಹನೆಯ ಕಥೆ ಎಂದು ಹೊಗಳುತ್ತಾರೆ. ನನಗೆ ಅದರ ಶಕ್ತಿ ಬೇರೆಡೆ ಕಾಣುತ್ತದೆ. ನಜೀಬನಿಗೆ ಅರಬ್ಬಿ ಬಾರದು. ಬೈಗುಳ, ಹೊಡೆತ, ಕೈಸನ್ನೆಗಳ ನಡುವಿನಿಂದ ಅವನು ‘ಮಸಾರಾ’, ‘ಖುಬೂಸ್’ ಎಂಬ ಒಂದೊಂದೇ ಪದ ಹೆಕ್ಕಿಕೊಂಡು ಅದರ ಅರ್ಥವನ್ನು ತಾನೇ ಊಹಿಸುತ್ತಾನೆ. ಆಡುಗಳಿಗೆ ತನ್ನೂರಿನವರ ಹೆಸರಿಡುತ್ತಾನೆ. ಯಾರೂ ಇಲ್ಲದ ಕಡೆಯಲ್ಲಿ ಅವನು ಒಂದು ಊರು ಕಟ್ಟಿಕೊಳ್ಳುತ್ತಿದ್ದಾನೆ. ಬೆನ್ಯಾಮಿನ್ ಬಹುಕಾಲ ಬಹ್ರೇನಿನಲ್ಲಿ ದುಡಿದವರು. ಈ ಪುಟಗಳಲ್ಲಿ ಅದು ಗೊತ್ತಾಗುತ್ತದೆ. ಸಿನಿಮಾದಲ್ಲಿ ಮರಳು, ಗಾಳಿ, ನಟನ ಬಡಕಲಾದ ದೇಹ ಇವೇ ತೆರೆಯನ್ನು ತುಂಬಿವೆ. ಪದಗಳನ್ನು ಹೆಕ್ಕುವ ಆ ನಜೀಬ ಹಿಂದೆ ಸರಿದಿದ್ದಾನೆ.

ಭಾಷೆಯ ಮಾತು ಬಂದದ್ದರಿಂದ ಹೇಳಬೇಕು. ಕೊಲ್ಲಿಯಲ್ಲಿ ಕೂಲಿಗಳೂ ಯಜಮಾನರೂ ಪರಸ್ಪರ ಆಡುವ ಒಂದು ಮುರುಕು ಅರಬ್ಬಿ ಇದೆ. ಅದರಲ್ಲಿ ‘ಫೀ’ ಎಂದರೆ ಇದೆ, ‘ಮಾಫೀ’ ಎಂದರೆ ಇಲ್ಲ. ಕ್ರಿಯಾಪದಕ್ಕೆ ಕಾಲವಿಲ್ಲ, ಲಿಂಗವಿಲ್ಲ. ‘ಅನಾ ಮಾಫೀ ಶುಗುಲ್’ ಎಂದರೆ ನನಗೆ ಕೆಲಸವಿಲ್ಲ, ನಾನು ಕೆಲಸ ಮಾಡಲಿಲ್ಲ, ಮಾಡುವುದಿಲ್ಲ, ಮೂರೂ ಆಗಬಹುದು. ಪೊಲೀಸನ ಮುಂದೆ ನಿಂತವನಿಗೆ ಈ ಮೂರರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಇನ್ನೊಂದು ಪದ ‘ರಫೀಕ್’. ಉರ್ದು ಓದಿದ ನಮಗೆ ಅದು ಸಂಗಾತಿ, ಗೆಳೆಯ, ಕಾವ್ಯದ ಪದ. ಅಲ್ಲಿ ಹೆಸರು ಬೇಡವಾದ ಯಾವ ಪರದೇಶಿ ಕೂಲಿಯನ್ನಾದರೂ ಕರೆಯಲು ಬಳಸುವ ಪದ. “ಮೊದಲ ಸಲ ರಫೀಕ್ ಎಂದು ಕರೆದಾಗ ಖುಷಿಯಾಗಿ ತಿರುಗಿ ನೋಡಿದೆ, ಅವನು ಕಸದ ಚೀಲ ತೋರಿಸಿದ” ಎಂದು ಅಣ್ಣ ಹೇಳುತ್ತಿದ್ದ. ಬ್ಯಾರಿ, ನವಾಯತಿ, ದಖನಿ, ತುಳು, ಕನ್ನಡ ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು ಹೋದ ನಮ್ಮವರು ಈ ಮುರುಕು ಭಾಷೆಯಲ್ಲಿ ಮೂವತ್ತು ವರ್ಷ ಬದುಕಿ ಬಂದಿದ್ದಾರೆ. ಕನ್ನಡ ಕಥೆಗಳಲ್ಲಿ ಮಾತ್ರ ಗಲ್ಫಿನ ಪಾತ್ರಗಳು ಅಚ್ಚುಕಟ್ಟಾದ ಪುಸ್ತಕದ ಕನ್ನಡ ಆಡುತ್ತವೆ. ನನ್ನ ಕಥೆಯ ಅರಬನೂ ಹಾಗೆಯೇ ಆಡಿದ್ದ.

ಮಲಯಾಳದ ಸಿನಿಮಾ ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದೆ. ಸಲೀಂ ಅಹಮದ್ ಅವರ ‘ಪತ್ತೇಮಾರಿ’ (2015) ಹಾಯಿಹಡಗಿನಲ್ಲಿ ಹೋಗಿ ಈಜಿ ದಡ ಸೇರಿದ ಮೊದಲ ತಲೆಮಾರಿನ ಕಥೆ. ಹಂಚಿಕೊಂಡ ಕೋಣೆ, ರಟ್ಟಿನ ಪೆಟ್ಟಿಗೆ, ಮನೆಯವರ ಮುಗಿಯದ ಬೇಡಿಕೆ ಎಲ್ಲ ನಿಜವಾಗಿವೆ. ಮಮ್ಮುಟ್ಟಿಯವರ ನಾರಾಯಣನ್ ಮಾತ್ರ ತೀರಾ ಒಳ್ಳೆಯವನು. ದಡ ಸೇರುವ ದೃಶ್ಯಕ್ಕೆ ಸಿಕ್ಕ ಗಮನ ದಡದ ಮೇಲಿನ ಮೊದಲ ತಿಂಗಳುಗಳಿಗೆ ಸಿಕ್ಕಿಲ್ಲ. ಅಬುಧಾಬಿಯಲ್ಲಿ ಬೆಳೆದ ದೀಪಕ್ ಉಣ್ಣಿಕೃಷ್ಣನ್ ಅವರ ಇಂಗ್ಲಿಷ್ ಕಥೆಗಳ ಸಂಕಲನ ‘ಟೆಂಪರರಿ ಪೀಪಲ್’ (2017) ಮತ್ತೊಂದೇ ದಾರಿ ಹಿಡಿದಿದೆ. ಕಟ್ಟಡದಿಂದ ಬಿದ್ದ ಕೂಲಿಗಳನ್ನು ರಾತ್ರಿ ಹುಡುಕಿ ಅಂಟು ಹಾಕಿ ಜೋಡಿಸುವ ಹೆಂಗಸೊಬ್ಬಳು ಅದರಲ್ಲಿ ಬರುತ್ತಾಳೆ. ಕೆಲವು ಕಥೆಗಳಲ್ಲಿ ಕಲ್ಪನೆ ಲಗಾಮು ಹರಿದು ಓಡಿದೆ ಎನ್ನಿಸಿದರೂ, ಆ ಹೆಂಗಸು ಹಾಗೂ ಬಿದ್ದವರು ಆಡುವ ಮಾತುಕತೆಯಲ್ಲಿ ನನ್ನ ಅಣ್ಣನ ಕೋಣೆಯ ಗಾಳಿ ಇದೆ.

ಇದೆಲ್ಲ ಬರೀ ಸಾಹಿತ್ಯದ ಪ್ರಶ್ನೆಯೇ? ಅಲ್ಲ ಎನ್ನುವುದು ನನ್ನ ವಾದ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೊಲ್ಲಿಗೆ ದುಡಿಯಲು ಹೋಗುವಾಗ ಸರಕಾರದ ಅನುಮತಿ ಬೇಕೆಂಬ ನಿಯಮ ಬಂತು. ಉದ್ದೇಶ ರಕ್ಷಣೆ. ಆದರೆ ಅಲ್ಲಿಗೆ ಹೋದವನ ಬದುಕನ್ನು ನಡೆಸುತ್ತಿದ್ದದ್ದು ಕಫೀಲನ ಕೈಯಲ್ಲಿರುವ ಇಕಾಮಾ. ಕೆಲಸ ಬಿಟ್ಟವನ ಮೇಲೆ ‘ಹುರೂಬ್’, ಅಂದರೆ ಓಡಿಹೋದವನು ಎಂದು ಒಡೆಯ ಬರೆಸಿಬಿಟ್ಟರೆ ಮುಗಿಯಿತು. ‘ಆಜಾದ್ ವಿಸಾ’ ಎಂದು ದುಡ್ಡು ಕೊಟ್ಟು ಕೊಂಡದ್ದರಲ್ಲಿ ಆಜಾದಿ ಎಲ್ಲೂ ಇರುತ್ತಿರಲಿಲ್ಲ. ಹೆಸರು ಒಬ್ಬನ ಹತ್ತಿರ, ದುಡಿತ ಇನ್ನೊಬ್ಬನ ಹತ್ತಿರ, ಭಯ ಮಾತ್ರ ನಮ್ಮವನ ಹತ್ತಿರ. ಸೌದಿಯಲ್ಲಿ 2021ರ ಮಾರ್ಚಿನಲ್ಲಿ ಕೆಲಸ ಬದಲಿಸುವುದಕ್ಕೆ ಅವಕಾಶ ಕೊಡುವ ಸುಧಾರಣೆ ಜಾರಿಗೆ ಬಂದಾಗ ಮನೆಗೆಲಸದವರು, ಮನೆಯ ಚಾಲಕರು, ಕುರಿ ಕಾಯುವವರು ಅದರ ಹೊರಗೇ ಉಳಿದರು. ಅಂದರೆ ನಜೀಬ ಹೊರಗುಳಿದ. ಇವನ್ನೆಲ್ಲ ನಮ್ಮ ಹುಡುಗರು ತಿಳಿಯುತ್ತಿದ್ದದ್ದು ಏಜೆಂಟನ ಬಾಯಿಂದ, ಇಲ್ಲವೆ ಅಲ್ಲಿ ಹೋಗಿ ಪೆಟ್ಟು ತಿಂದು. ‘ಸಬ್ ಖೈರಿಯತ್’ ಎಂದು ಬರೆದ ಅಣ್ಣಂದಿರು ಮನೆಯವರನ್ನು ಕಾಪಾಡಿದರು. ಅವರ ಹಿಂದೆ ಹೊರಟ ತಮ್ಮಂದಿರನ್ನು ಕಾಪಾಡಲಿಲ್ಲ. ಆ ಕಾಗದಗಳನ್ನು ಓದಿ ಬೆಳೆದ ನಾವು ಬರಹಗಾರರಾದ ಮೇಲೆ ಅದರ ನಡುವಿನ ಖಾಲಿಯನ್ನು ತುಂಬಬೇಕಾಗಿತ್ತು. ನಾವು ಅಲ್ಲಿ ಶವಪೆಟ್ಟಿಗೆ ಇಟ್ಟೆವು. ಅಳಿಸುವುದು ಸುಲಭವಾಗಿತ್ತು.

‘ಆಡುಜೀವಿತಂ’ದ ಒಂದು ಪಾತ್ರವನ್ನು ಯಾರೂ ಹೆಚ್ಚು ಚರ್ಚಿಸಿಲ್ಲ. ಮರುಭೂಮಿಯಿಂದ ತಪ್ಪಿಸಿಕೊಂಡು ರಿಯಾದಿನ ಬತ್ತಾ ಪೇಟೆಗೆ ಬಂದು ಬಿದ್ದ ನಜೀಬನನ್ನು ಎತ್ತಿಕೊಂಡು ಆರೈಕೆ ಮಾಡುವವನು ಮಲಬಾರ್ ಹೋಟೆಲಿನ ಕುಂಞಿಕ್ಕ. ಅವನ ಆಸರೆಯಲ್ಲಿ ಇಂಥ ಇನ್ನೂ ಕೆಲವರಿದ್ದಾರೆ. ಕಾದಂಬರಿಯಲ್ಲಿ ಅವನಿಗೆ ಸಿಕ್ಕಿರುವುದು ಕೆಲವೇ ಪುಟ. ಓಡಿಬಂದವರನ್ನು ಇಟ್ಟುಕೊಳ್ಳುವುದು ಅಪರಾಧವೆಂದು ಗೊತ್ತಿದ್ದೂ ಇಟ್ಟುಕೊಳ್ಳುವ ಧೈರ್ಯ ಅವನಿಗೆ ಎಲ್ಲಿಂದ ಬಂತು? ಅವನು ಬಂದ ಹೊಸದರಲ್ಲಿ ಅವನಿಗೆ ಯಾರು ಅನ್ನ ಹಾಕಿದ್ದರು? ಬತ್ತಾದಲ್ಲಿ, ಜಿದ್ದಾದ ಶರಫಿಯಾದಲ್ಲಿ, ದುಬೈಯ ದೇರಾದಲ್ಲಿ ಇಂಥ ಕುಂಞಿಕ್ಕರು ನಮ್ಮ ಭಟ್ಕಳದವರೂ ಉಳ್ಳಾಲದವರೂ ಇದ್ದಾರೆ. ಅವರನ್ನು ಕುರಿತ ಒಂದು ಕನ್ನಡ ಕಾದಂಬರಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಂದಿದ್ದರೆ ಓದುಗರು ತಿಳಿಸಬೇಕು, ಕ್ಷಮೆ ಕೇಳಿ ಓದುತ್ತೇನೆ.

ಅಣ್ಣನ ಮಗ ಈಗ ದುಬೈಯಲ್ಲಿದ್ದಾನೆ. 60 ದಿನಗಳ ವಿಸಿಟ್ ವಿಸಾದ ಮೇಲೆ ಹೋಗಿ ಕೆಲಸ ಹುಡುಕುತ್ತಿದ್ದಾನೆ. ಬಿ.ಕಾಂ. ಪಾಸಾದವನು, ಇಂಗ್ಲಿಷ್ ಬಲ್ಲವನು. ರಾತ್ರಿ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾನೆ. ಅದರಲ್ಲೂ ಸಬ್ ಖೈರಿಯತ್. ಮೊನ್ನೆ ಅಣ್ಣ ಫೋನು ಕಸಿದುಕೊಂಡು, “ಬಾಲ್ದಿ ತಗೊಂಡೆಯಾ?” ಎಂದು ಕೇಳಿದ. ಹುಡುಗ ನಕ್ಕ. “ಇಲ್ಲಿ ಶವರ್ ಇದೆ ಅಬ್ಬಾ, ಬಾಲ್ದಿ ಯಾರಿಗೆ ಬೇಕು?” ಎಂದ. ಆಮೇಲೆ ದನಿ ತಗ್ಗಿಸಿ, ಹತ್ತು ಜನರ ಕೋಣೆಯಲ್ಲಿ ಕರೆಂಟಿನ ಪ್ಲಗ್ಗು ಮೂರೇ ಇವೆ, ತನ್ನ ಮಂಚ ಅವಕ್ಕೆ ದೂರ, ಫೋನು ಸತ್ತುಹೋಗಿ ಒಂದು ಇಂಟರ್‌ವ್ಯೂ ಕರೆ ತಪ್ಪಿತು ಎಂದ. ಪ್ಲಗ್ಗಿನ ಹತ್ತಿರದ ಮಂಚಕ್ಕೆ ತಿಂಗಳಿಗೆ 50 ದಿರ್ಹಮ್ ಹೆಚ್ಚಂತೆ. ಕೊಡು ಎಂದು ಅಣ್ಣ ಹೇಳಿದ.